ಕರಟದೊಳಗಿನ ಬಾಣಂತನ

ಮನೆಯಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂಬುದು ಖಾತ್ರಿಯಾದ ಗಂಡಸು ಐವತ್ತರ ಆಸುಪಾಸಿನಲ್ಲಿ ಯಾವುದಾದರೊಂದು ವಿಷಯದಲ್ಲಿ ತಜ್ಞನಾಗಲು ಹೊರಡುತ್ತಾನೆ. ನಿಮ್ಮ ಮನೆಯಲ್ಲೂ ಅಂಥವನೊಬ್ಬ ಇರಬೇಕು. ಇಲ್ಲವೆಂದರೆ ನೀವೇ ಅವನು. ನಮ್ಮ ಬೀದಿಯ ಮೂಲೆಮನೆ ರಾಯರು ಬೋನ್ಸಾಯ್ ಹಿಡಿದರು. ಆಲದ ಮರವನ್ನೇ ಮೊಣಕಾಲೆತ್ತರಕ್ಕೆ ತಡೆದು ನಿಲ್ಲಿಸಿದ್ದೇನೆಂದು ಅವರಿಗೆ ಹೆಮ್ಮೆ. ರಾತ್ರಿ ಹನ್ನೊಂದಾದರೂ ಮನೆ ಸೇರದ ಮಗನನ್ನು ಮಾತ್ರ ತಡೆಯಲಾಗಿಲ್ಲ. ಎದುರುಮನೆಯವರು ಹಳೇ ರೇಡಿಯೋ ಹಿಡಿದರು. ನಾನು ಮೀನು ಹಿಡಿದೆ. ಹೊಳೆಯಲ್ಲಲ್ಲ, ಅಂಗಡಿಯಲ್ಲಿ, ರೊಕ್ಕ ಕೊಟ್ಟು.

ಗೋಲ್ಡ್ ಫಿಶ್ ಎಲ್ಲರ ಮನೆಯಲ್ಲೂ ಇರುತ್ತದೆ. ತಜ್ಞನೆನಿಸಿಕೊಳ್ಳಬೇಕಾದರೆ ಬೇರೆಯವರ ಬಾಯಲ್ಲಿ ಹೊರಳದ ಹೆಸರಿನ ಮೀನು ಬೇಕು. ಹಾಗಾಗಿ ಪೆಲ್ವಿಕಾಕ್ರೋಮಿಸ್ ಪುಲ್ಕರ್. ಅಂಗಡಿಯವರು ಸುಲಭಕ್ಕೆ ‘ಕ್ರಿಬ್’ ಅನ್ನುತ್ತಾರೆ, ನಾನು ಅನ್ನುವುದಿಲ್ಲ. ಪಶ್ಚಿಮ ಆಫ್ರಿಕಾದ ಸಣ್ಣ ಸಿಕ್ಲಿಡ್ ಇದು. ನೈಜೀರಿಯಾದ ದಕ್ಷಿಣ ಭಾಗದ ತೊರೆಗಳು, ನೈಜರ್ ನದಿಯ ಮುಖಜಭೂಮಿ, ಅಲ್ಲಿಂದ ಕ್ಯಾಮರೂನಿನ ಕರಾವಳಿಯವರೆಗೆ ಇದರ ತವರು. ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಬೌಲೆಂಜರ್ ಎಂಬಾತ 1901ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದ. ಬಂದ ನೆಂಟರಿಗೆಲ್ಲ ಹೇಳಲೆಂದು ಇಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡವರು ಮೂಲೆಮನೆ ರಾಯರೊಬ್ಬರೇ. ಕೇಳಿ, ಗಂಭೀರವಾಗಿ, “ಬಹಳ ಸಂತೋಷ ಸ್ವಾಮಿ. ಆ ಕಡೆ ಇದನ್ನ ಹುರೀತಾರೋ, ಸಾರು ಮಾಡ್ತಾರೋ?” ಅಂದರು. ರಾಯರು ಈರುಳ್ಳಿಯನ್ನೂ ಮುಟ್ಟದವರು. ಸುಮ್ಮನೆ ಜ್ಞಾನಕ್ಕೆ ಕೇಳಿದ್ದಂತೆ.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅದಕ್ಕೆ ಹೆಚ್ಚುಕಮ್ಮಿ 55 ಲೀಟರ್ ನೀರು ಹಿಡಿಯುತ್ತದೆ, ಅಂದರೆ 55 ಕಿಲೋ. ಮೇಲೆ ಗಾಜು, ಮರಳು, ಕಲ್ಲು. ಎಲ್ಲ ಸೇರಿ ಚೆನ್ನಾಗಿ ಉಂಡುಟ್ಟುಕೊಂಡಿರುವ ಅಳಿಯನೊಬ್ಬನಷ್ಟು ಭಾರ. ಅದನ್ನು ಟಿ.ವಿ. ಸ್ಟ್ಯಾಂಡಿನ ಮೇಲೆ ಕೂರಿಸಿ, ಟಿ.ವಿ.ಯನ್ನು ಮಲಗುವ ಕೋಣೆಗೆ ಸಾಗಿಸಿದೆ. ಸಂಜೆ ಏಳಕ್ಕೆ ಧಾರಾವಾಹಿ ಶುರುವಾಗುವ ಹೊತ್ತಿಗೆ ಹಾಲಿಗೆ ಬಂದ ಅಮ್ಮ ಮತ್ತು ನನ್ನಾಕೆ ಗಾಜಿನ ಮುಂದೆ ಸ್ವಲ್ಪ ಹೊತ್ತು ಕೂತರು. ಅದರಲ್ಲಿ ಏನೂ ಬರಲಿಲ್ಲ. ಅಷ್ಟರಲ್ಲಿ ಪ್ಲೈವುಡ್ ‘ಕಿರ್’ ಎಂದಿತು. ಮಾರನೆಯ ದಿನ ಟಿ.ವಿ. ತನ್ನ ಜಾಗಕ್ಕೆ ಬಂತು. ತೊಟ್ಟಿಗೆ ಕಬ್ಬಿಣದ ಸ್ಟ್ಯಾಂಡು ಬಂತು. ಸ್ಟ್ಯಾಂಡು ಹಿಡಿಸುವ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು: ಅಮ್ಮನ ಕೋಣೆ, ಅವಳ ಮಂಚದ ಪಕ್ಕ.

ನನ್ನ ಪತನ ಶುರುವಾದದ್ದು ಅಲ್ಲಿಂದ.

ಅಮ್ಮನ ಮೊದಲ ಷರತ್ತು, ಅವಳೆದುರು ಮೀನು ಅನ್ನಕೂಡದು, ಮತ್ಸ್ಯ ಅನ್ನಬೇಕು. ಎರಡನೆಯದು ಷರತ್ತಲ್ಲ, ಭಯ. ಮನುವಿನ ಬೊಗಸೆಗೆ ಬಂದ ಪುಟ್ಟ ಮೀನು ಗಡಿಗೆ ತುಂಬಿ, ಕೆರೆ ತುಂಬಿ, ಕೊನೆಗೆ ಸಮುದ್ರಕ್ಕೆ ಬಿಡಬೇಕಾದ ಕಥೆ ಅವಳಿಗೆ ಚೆನ್ನಾಗಿ ಗೊತ್ತು. “ಇದೂ ಹಂಗೇ ಬೆಳೆದ್ರೆ ನನ್ನ ಮಂಚ ಎಲ್ಲಿಗೆ ಹಾಕ್ತೀಯೋ?” ಅಂದಳು. ಎಷ್ಟು ಬೆಳೆದರೂ ಗಂಡು ನಾಲ್ಕಿಂಚು, ಹೆಣ್ಣು ಮೂರಿಂಚು, ಪ್ರಳಯದ ಸಂಭವ ಕಡಿಮೆ ಎಂದು ಧೈರ್ಯ ಹೇಳಿದೆ.

ಇನ್ನು ಜೋಡಿಯ ಆಯ್ಕೆ. ಅಂಗಡಿಯ ಹುಡುಗ, “ನಾನೇ ನೋಡಿ ಹಿಡಿದು ಕೊಡ್ಲಾ ಸಾರ್?” ಅಂದ. ತಜ್ಞನಿಗೆ ಹಾಗೆ ಕೇಳಬಹುದೇ? ಪ್ರಾಣಿಲೋಕದಲ್ಲಿ ಬಣ್ಣವೆಲ್ಲ ಗಂಡಿನದು. ನವಿಲನ್ನು ನೋಡಿ, ಹುಂಜವನ್ನು ನೋಡಿ. ಹೊಟ್ಟೆಯ ಮೇಲೆ ಗಾಢ ಕೆಂಪು ಇದ್ದದ್ದನ್ನು ಗಂಡೆಂದೂ ತುಸು ತಿಳಿಗೆಂಪು ಇದ್ದದ್ದನ್ನು ಹೆಣ್ಣೆಂದೂ ಬೆರಳು ತೋರಿಸಿ ಹಿಡಿಸಿದೆ. ಹುಡುಗ ಏನೋ ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ ಮುಚ್ಚಿಕೊಂಡ. ಮನೆಗೆ ಬಂದ ದಂಪತಿ ತೊಟ್ಟಿಯನ್ನು ನಡುಮಧ್ಯಕ್ಕೆ ಪಾಲು ಮಾಡಿಕೊಂಡು, ಗಡಿ ದಾಟಿದ ಕೂಡಲೇ ಒಬ್ಬರ ಮೇಲೊಬ್ಬರು ಎರಗತೊಡಗಿದರು. ಹೊಸ ಸಂಸಾರ, ಹೊಂದಿಕೊಳ್ಳುತ್ತಾರೆ ಅಂದುಕೊಂಡೆ. ಅಮ್ಮ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಾ ನೋಡುತ್ತಿದ್ದವಳು ಒಂದು ದಿನ ಕರೆದಳು. “ಇವೆರಡೂ ಹೆಂಗಸರು ಕಣೋ. ಒಂದರ ಮುಂದೆ ಒಂದು ಮೈ ಬಾಗಿಸಿ ನಡುಗಿಸ್ತಾವೆ. ಗಂಡಿಗೆ ಕಾಯ್ತಿವೆ.”

ಪುಸ್ತಕ ತೆಗೆದು ನೋಡಿದೆ. ಈ ಜಾತಿಯಲ್ಲಿ ಸಿಂಗಾರ ಹೆಣ್ಣಿನದು. ಮದುವೆಗೆ ಸಿದ್ಧವಾದಾಗ ಅವಳ ದುಂಡನೆಯ ಹೊಟ್ಟೆ ನೇರಳೆಗೆಂಪಿಗೆ ತಿರುಗುತ್ತದೆ. ಅವಳೇ ಗಂಡಿನ ಮುಂದೆ ಹೋಗಿ, ಮೈ ಬಾಗಿಸಿ, ಹೊಟ್ಟೆ ತೋರಿಸಿ ನಡುಗಿಸುತ್ತಾಳೆ. ಗಂಡು ಉದ್ದ, ಬೆನ್ನಿನ ರೆಕ್ಕೆಯ ತುದಿ ಚೂಪು, ಬಣ್ಣ ಸಾಧಾರಣ. ಒಂದನ್ನು ಹಿಂದಕ್ಕೆ ಒಯ್ದೆ. ಅಂಗಡಿಯ ಹುಡುಗ ನಗದೇ ಬದಲಾಯಿಸಿ ಕೊಟ್ಟ. ಆ ಸಂಯಮಕ್ಕೆ ಮೆಚ್ಚಿ ಐವತ್ತು ರೂಪಾಯಿ ಹೆಚ್ಚಿಗೆ ಕೊಟ್ಟೆ.

ಇಷ್ಟರಲ್ಲಿ ಗೌರಿಹಬ್ಬ ಬಂತು. ಹಬ್ಬದ ಮುಂಚೆ ನಮ್ಮ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತು ನಾನೊಬ್ಬನೇ. ಆಫೀಸಿನಿಂದ ಬಂದಾಗ ಫಿಲ್ಟರಿನ ಸ್ಪಾಂಜು ಕ್ಲಿಪ್ಪು ಹಾಕಿಸಿಕೊಂಡು ಬಟ್ಟೆ ತಂತಿಯ ಮೇಲೆ ಒಣಗುತ್ತಿತ್ತು, ಪಾತ್ರೆ ಸೋಪಿನ ನಿಂಬೆ ಪರಿಮಳ ಬೀರುತ್ತಾ.

“ಎಷ್ಟು ಕೊಳೆ ಇತ್ತು ಗೊತ್ತಾ ರೀ ಅದರಲ್ಲಿ!” ಅಂದಳು ನನ್ನಾಕೆ.

“ಅದು ಕೊಳೆಯಲ್ಲ ಕಣೆ, ಬ್ಯಾಕ್ಟೀರಿಯಾ. ಒಳ್ಳೆ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತೆ, ಅದು ವಿಷ. ಸ್ಪಾಂಜಿನಲ್ಲಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಬೇರೆ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡುತ್ತೆ. ಅವು ಊರೋಕೆ ವಾರಗಟ್ಟಲೆ ಬೇಕು. ತೊಳೆಯೋದಾದ್ರೂ ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಬೇಕು.”

ಅವಳು ತಾಳ್ಮೆಯಿಂದ ಕೇಳಿದಳು. “ಹಾಗಾದ್ರೆ ಇನ್ಮೇಲೆ ನಿಮ್ಮ ಬನಿಯನ್ನೂ ಒಗೆಯೋದು ಬೇಡ ಅಲ್ವಾ?”

ವಿಜ್ಞಾನದಲ್ಲಿ ಇದಕ್ಕೆ ಉತ್ತರವಿಲ್ಲ. ಹೊಸ ಬ್ಯಾಕ್ಟೀರಿಯಾ ಊರುವ ತನಕ ಬಕೆಟ್ಟಿನಲ್ಲಿ ನೀರು ತೆಗೆದು ಸುರಿದು, ತೆಗೆದು ಸುರಿದು, ನನ್ನ ಸೊಂಟ ಹಿಡಿದುಕೊಂಡಿತು. ಮೀನುಗಳು ಉಳಿದವು.

ಆಮೇಲೆ ನೀರಿನ ಹುಚ್ಚು. ತವರಿನಲ್ಲಿ ಈ ಮೀನು ಇರುವುದು ಕಾಡಿನ ನೆರಳಿನ ತೊರೆಗಳಲ್ಲಿ. ಎಲೆ ಕೊಳೆತು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ, ಮೆದುವಾದ, ತುಸು ಹುಳಿ ನೀರಿನಲ್ಲಿ. ನಮ್ಮ ಬೋರ್‌ವೆಲ್ ನೀರಾದರೋ ಬಕೆಟ್ಟಿಗೆ ಸುಣ್ಣ ಬಳಿಯುವಂಥದ್ದು, ಬೇಳೆ ಬೇಯಿಸದಂಥದ್ದು. “ಸಾರ್, ಇದು ಆಫ್ರಿಕಾ ನೋಡಿಲ್ಲ. ಫಾರಂನಲ್ಲಿ ಹುಟ್ಟಿದ್ದು, ಯಾವ ನೀರಾದ್ರೂ ನಡೆಯುತ್ತೆ” ಎಂದು ಅಂಗಡಿಯ ಹುಡುಗ ಹೇಳಿದ. ಅವನಿಗೇನು ಗೊತ್ತು ನೆಲದ ನಂಟು! ಕಾಡುಬಾದಾಮಿಯ ಒಣ ಎಲೆ ಹಾಕಿದರೆ ನೀರಿಗೆ ಬೇಕಾದ ಗುಣ ಬರುತ್ತದೆಂದು ಓದಿ, ಬೆಳಗಿನ ಜಾವ ಬೀದಿಯ ಮರದಡಿ ಬಗ್ಗಿ ಬಗ್ಗಿ ಎಲೆ ಆಯತೊಡಗಿದೆ. ವಾಕಿಂಗ್ ಹೋಗುವವರು ಮೊದಲು ನಿಂತು ನೋಡಿದರು, ಆಮೇಲೆ ನೋಡದ ಹಾಗೆ ದಾಟಿದರು. ಬೀದಿ ಗುಡಿಸುವಾಕೆ ಮಾತ್ರ ಕನಿಕರದಿಂದ ಒಂದು ದಿನ ಗೋಣಿಚೀಲದ ತುಂಬ ಎಲೆ ತಂದು ನಮ್ಮ ಗೇಟಿನೊಳಗೆ ಸುರಿದಳು. “ನಿಮಗೇ ಅಂತ ಎತ್ತಿಟ್ಟಿದ್ದೆ ಸಾಮಿ.” ಅದನ್ನು ಗುಡಿಸಿ ತೆಗೆದದ್ದು ನಾನೇ.

ಎಲೆ ಹಾಕಿದರೆ ನೀರಿಗೆ ಬಣ್ಣ ಬಂತು, ಹುಳಿ ಬರಲಿಲ್ಲ. ಗಡಸು ನೀರಿನಲ್ಲಿ ಕರಗಿರುವ ಕಾರ್ಬೊನೇಟು ಎಲೆಯ ಹುಳಿಯನ್ನೆಲ್ಲ ನುಂಗಿ ಕೂರುತ್ತದೆ. ಪಿಎಚ್ ಪಟ್ಟಿ ಅದ್ದಿ ಅದ್ದಿ ನೋಡಿ ನಿಟ್ಟುಸಿರು ಬಿಡುತ್ತಿದ್ದ ನನ್ನನ್ನು ಕಂಡು ಅಮ್ಮ, “ಹುಳಿ ತಾನೇ ಬೇಕು? ಒಂದು ಗೋಲಿ ಹುಣಸೆಹಣ್ಣು ಕಿವುಚಿ ಕೊಡ್ಲಾ?” ಅಂದಳು. ಬೇಡವೆಂದು ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ತೊಟ್ಟಿಗೆ ತಿರುಗಿಸಿದೆ. ಲವಣ ಇಳಿಯಿತು, ಎಲೆಯ ಹುಳಿ ನಿಂತಿತು, ಪಟ್ಟಿ ಹಳದಿಗೆ ತಿರುಗಿತು. ಯಂತ್ರ ಸೋಸುವುದು ನಿಧಾನವಾದ್ದರಿಂದ ಮನೆಯವರೆಲ್ಲ ಬೋರ್‌ವೆಲ್ ನೀರು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕುಡಿದರು. “ಮುಂದಿನ ಜನ್ಮದಲ್ಲಿ ನಿಮ್ಮ ಮನೇಲಿ ಮೀನಾಗಿ ಹುಟ್ತೀನಿ ಭಾವ” ಎಂದು ನನ್ನ ಭಾವಮೈದ ಲೋಟ ಎತ್ತಿ ಹಿಡಿದು ಹೇಳಿದ.

ಜೋಡಿ ಮೊಟ್ಟೆಯಿಡುವ ಮುಂಚೆ ಪುಷ್ಟಿಯಾದ ಆಹಾರ ಬೇಕು. ಅದಕ್ಕೆ ಶ್ರೇಷ್ಠವಾದದ್ದು ಬ್ಲಡ್‌ವರ್ಮ್, ಒಂದು ಬಗೆಯ ನೊಣದ ಕೆಂಪು ಮರಿಹುಳು. ಹೆಪ್ಪುಗಟ್ಟಿಸಿ ಪುಟ್ಟ ಪುಟ್ಟ ಚೌಕ ಮಾಡಿ ಮಾರುತ್ತಾರೆ. ಅದನ್ನು ಮನೆಯೊಳಗೆ ತಂದದ್ದು ನನಗೆ, ಫ್ರೀಜರಿಗೆ, ಭಗವಂತನಿಗೆ ಮಾತ್ರ ಗೊತ್ತಿತ್ತು. ರಾಮನವಮಿಯ ಮಧ್ಯಾಹ್ನ ಮಾವನವರು ಬಂದರು. ನನ್ನ ಮಗಳು ಪಾನಕಕ್ಕೆ ಐಸು ಹುಡುಕಿದಳು. “ಅಪ್ಪ, ದಾಳಿಂಬೆ ಐಸ್ ಯಾವಾಗ ಮಾಡಿಟ್ರಿ?” ಎಂದು ಅಡುಗೆಮನೆಯಿಂದ ಕೂಗಿದ್ದು ಕೇಳಿ ನಾನು ಎದ್ದು ಓಡಿ ಬರುವಷ್ಟರಲ್ಲಿ ಲೋಟ ಮಾವನವರ ಕೈ ಸೇರಿತ್ತು. ಕಸಿದುಕೊಂಡೆ. ಯಾಕೆಂದು ಹೇಳಲಾರೆ, ಹೇಳದಿರಲಾರೆ. ಬೇರೇನೂ ತೋಚದೆ, “ಶೀತ ಆಗುತ್ತೆ ಮಾವ” ಅಂದೆ. ಅಳಿಯ ಒಂದು ಲೋಟ ಪಾನಕಕ್ಕೂ ಲೆಕ್ಕ ಹಾಕುತ್ತಾನೆ ಎಂದು ಅವರು ಇವತ್ತಿಗೂ ನಂಬಿದ್ದಾರೆ. ನಿಜ ಹೇಳುವುದಕ್ಕಿಂತ ಜಿಪುಣನೆನಿಸಿಕೊಳ್ಳುವುದೇ ಮೇಲೆಂದು ಬಿಟ್ಟಿದ್ದೇನೆ.

ಈ ಮೀನು ಗುಹೆಯ ಚಾವಣಿಗೆ ಮೊಟ್ಟೆ ಅಂಟಿಸುತ್ತದೆ. ನಾನು ದುಬಾರಿ ಬೆಲೆ ತೆತ್ತು ಪಿಂಗಾಣಿಯ ಕೋಟೆಯೊಂದನ್ನು ತಂದಿದ್ದೆ. ಬುರುಜು, ಕಮಾನು, ಮಹಾದ್ವಾರ, ಎಲ್ಲ ಇತ್ತು. ಹೆಣ್ಣು ಒಮ್ಮೆ ಒಳಗೆ ಹೋಗಿ, ಹಿಂಬಾಗಿಲಿನಿಂದ ಹೊರಬಂದು, ಮತ್ತೆ ಆ ಕಡೆ ತಲೆಹಾಕಲಿಲ್ಲ. “ಅಷ್ಟು ದೊಡ್ಡ ಬಾಗಿಲಿಟ್ರೆ ಯಾವ ಬಸುರಿ ಹೋಗ್ತಾಳೆ?” ಎಂದು ಅಮ್ಮ ಚಟ್ನಿಗೆ ಕಾಯಿ ತುರಿದ ಕರಟವನ್ನು ಎಣ್ಣೆ ಮುಟ್ಟದ ಪಾತ್ರೆಯಲ್ಲಿ ಕುದಿಸಿ, ಅಂಚಿನಲ್ಲಿ ಬೆರಳು ತೂರುವಷ್ಟು ಒಡೆದು, ಬೋರಲಾಗಿ ಹಾಕಿದಳು. ಮೈ ತೂರುವಷ್ಟೇ ಕಿರಿದಾದ ಬಾಗಿಲು ಹೆಣ್ಣಿಗೆ ಇಷ್ಟವೆಂದು ಪುಸ್ತಕದಲ್ಲೂ ಇತ್ತು, ಕೋಟೆ ಕೊಂಡ ಮೇಲೆ ಓದಿದ ಪುಟದಲ್ಲಿ. ಸಂಜೆಯೊಳಗೆ ಗಂಡಹೆಂಡಿರಿಬ್ಬರೂ ಬಾಯಿ ತುಂಬ ಮರಳು ತುಂಬಿಕೊಂಡು ಕರಟದೊಳಗಿಂದ ಹೊರಕ್ಕೆ ಉಗಿಯುತ್ತಿದ್ದರು. ಕೋಟೆಯಲ್ಲಿ ಈಗ ನಮ್ಮ ಮನೆಯ ಕರಿಬೇವಿನ ಸಸಿ ಇದೆ.

ಹೆಣ್ಣು ಕಾಣೆಯಾದ ದಿನ ನಾನು ಮೊಬೈಲ್ ಟಾರ್ಚ್ ಹಿಡಿದು ಕರಟದೊಳಗೆ ಇಣುಕಿದೆ. ಚಾವಣಿಯ ತುಂಬ ಸಾಬೂದಾನಿ ಮುತ್ತಿಗಿಂತ ಚಿಕ್ಕ ಮೊಟ್ಟೆಗಳು! ಒಂದು ಸಲಕ್ಕೆ ಇನ್ನೂರರ ತನಕ ಇಡುತ್ತವೆ. ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಅಭಿನಂದನೆಗಳು ಬಂದವು. ರಾಯರು ಬಂದರು, ಎದುರುಮನೆಯವರು ಮೊಮ್ಮಗನೊಂದಿಗೆ ಬಂದರು, ಹಾಲಿನವನೂ ಬಂದ. ಪ್ರತಿಯೊಬ್ಬರಿಗೂ ಟಾರ್ಚ್ ಬಿಟ್ಟು ತೋರಿಸಿ, 1901ರಿಂದ ಶುರುಮಾಡಿ ವಿವರಿಸಿದೆ. ಬೆಳಗಾಗುವಷ್ಟರಲ್ಲಿ ಚಾವಣಿ ಖಾಲಿ. ಚೊಚ್ಚಲ ಜೋಡಿಗೆ ಕಾಟ ಕೊಟ್ಟರೆ ತಮ್ಮ ಮೊಟ್ಟೆ ತಾವೇ ತಿಂದುಬಿಡುತ್ತವೆ.

ಅಮ್ಮ ಅಂದಳು: “ಹೆತ್ತವಳ ಕೋಣೆಗೆ ಬೀದಿ ಜನಾನೆಲ್ಲ ಕರ್ಕೊಂಡು ಬಂದ್ರೆ ಇನ್ನೇನಾಗುತ್ತೆ? ಹಾಲಿನವನ ದೃಷ್ಟಿ ಮೊದ್ಲೇ ಕೆಟ್ಟದ್ದು.”

ಮುಂದಿನ ಸಲ ಬಾಣಂತನವನ್ನು ಅವಳೇ ವಹಿಸಿಕೊಂಡಳು. ತೊಟ್ಟಿಯ ಮೂರು ಕಡೆಗೂ ಹಳೇ ಕಾಟನ್ ಸೀರೆ ಕಟ್ಟಿದಳು. ದೀಪ ಸಣ್ಣದು, ಮಾತು ಮೆಲ್ಲಗೆ, ನನಗೆ ಹೊಸ್ತಿಲಾಚೆ ಜಾಗ. ಒಳಗೆ ಹೆಣ್ಣು ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಬೀಸುತ್ತಾ ಕೂತರೆ, ಗಂಡು ಕರಟದ ಹೊರಗೆ ಪಹರೆ ತಿರುಗುತ್ತದೆ. ಹೊರಗೆ ಅಮ್ಮ ಜಪಮಾಲೆ ಹಿಡಿದು ಕೂತರೆ, ನಾನು ವರಾಂಡದಲ್ಲಿ ತಿರುಗುತ್ತಿದ್ದೆ. ಸುದ್ದಿ ಕಂತುಕಂತಾಗಿ ಬರುತ್ತಿತ್ತು. ಮೂರನೆಯ ದಿನ “ಒಡೆದಿವೆ, ಬಾಲ ಅಲ್ಲಾಡಿಸ್ತಾವೆ.” ವಾರ ಕಳೆದ ಮೇಲೆ “ಬಾ, ಚಪ್ಪಲಿ ಬಿಟ್ಟು ಬಾ.”

ಹೋಗಿ ನೋಡಿದೆ. ತಾಯಿ ಮುಂದೆ, ಮರಿಗಳ ಮೋಡ ಹಿಂದೆ. ನನ್ನ ನೆರಳು ಬಿದ್ದದ್ದೇ ಅವಳು ಹೊಟ್ಟೆಯ ರೆಕ್ಕೆಯನ್ನು ಒಮ್ಮೆ ಝಾಡಿಸಿದಳು. ಮರಿಗಳೆಲ್ಲ ಮರಳಿಗೆ ಅಂಟಿ ಕಲ್ಲಾದವು. “ಒಂದು ಸಲ ಅಂದ್ರೆ ಸಾಕು, ನೋಡು” ಎಂದು ಅಮ್ಮ ನನ್ನ ಕಡೆ ತಿರುಗಿದಳು. ಅವಳು ಯಾರ ಬಾಲ್ಯವನ್ನು ನೆನೆಯುತ್ತಿದ್ದಾಳೆಂದು ಕೇಳಲು ಹೋಗಲಿಲ್ಲ. ಎಲೆಯ ಚೂರೊಂದನ್ನು ತೆಗೆಯಲು ಕೈ ಹಾಕಿದೆ. ಮೂರಿಂಚಿನ ಆ ತಾಯಿ ಬಂದು ಬೆರಳನ್ನು ಕಚ್ಚಿದಳು. ನೋವಾಗಲಿಲ್ಲ, ಆದರೆ ಕೈ ಕೊಡವಿದ ರಭಸಕ್ಕೆ ದೀಪದ ಮುಚ್ಚಳ ನೀರಿಗೆ ಬಿದ್ದು ಮನೆಯ ಫ್ಯೂಸ್ ಹೋಯಿತು. ಧಾರಾವಾಹಿಯ ಮದುವೆ ದಿನವೇ ಇದಾದದ್ದರಿಂದ ವಿಷಯ ಸ್ವಲ್ಪ ದೊಡ್ಡದಾಯಿತು.

ಮರಿಗಳ ಊಟಕ್ಕೆ ಬೇಯಿಸಿದ ಕೋಳಿಮೊಟ್ಟೆಯ ಹಳದಿ ಆಗುತ್ತದೆ ಅಂದೆ. ಅಮ್ಮ ಒಂದು ನೋಟ ನೋಡಿದಳು, ಆ ವಿಚಾರ ಅಲ್ಲಿಗೇ ಮುಗಿಯಿತು. ಉಳಿದದ್ದು ಆರ್ಟೀಮಿಯಾ. ಅಮೆರಿಕದ ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುಕೆರೆಯಿಂದ ಡಬ್ಬಿಯಲ್ಲಿ ಬರುವ ಕಂದು ಪುಡಿ. ಉಪ್ಪುನೀರಿಗೆ ಹಾಕಿ ಗಾಳಿಗುಳ್ಳೆ ಬಿಟ್ಟರೆ ಒಂದೂವರೆ ದಿನದೊಳಗೆ ಕಿತ್ತಳೆ ಬಣ್ಣದ ಜೀವಗಳು ಏಳುತ್ತವೆ. ಅದೂ ಸಿಗಡಿ ಜಾತಿಯ ಮೊಟ್ಟೆಯೇ. ಅಮ್ಮನಿಗೆ ಬೀಜ ಅಂದೆ. ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ. ಲೀಟರಿಗೆ 25 ಗ್ರಾಂ ಉಪ್ಪನ್ನು ನಾನು ತಕ್ಕಡಿಯಲ್ಲಿ ತೂಗಿ ಹಾಕಿದೆ. ರಾತ್ರಿ ಗುಳುಗುಳು ಸದ್ದು ಕೇಳಿ ಅಮ್ಮ ನೀರಿನ ಮೋಟಾರು ಬಿಟ್ಟಿದ್ದಾರೆಂದುಕೊಂಡು ಎದ್ದು, ಇದ್ದ ಸ್ವಿಚ್ಚನ್ನೆಲ್ಲ ಆರಿಸಿ ಮಲಗಿದಳು. ಬೆಳಗ್ಗೆ ಬಾಟಲಿಯಿಂದ ಬಂದ ವಾಸನೆಗೆ ಹಾಲಿನವನು ಗೇಟಿನಿಂದಲೇ ಹಾಲು ಕೊಟ್ಟು ಹೋದ. ಆಮೇಲೆ ಅವಳೇ ಮಾಡಿದಳು. ಉಪ್ಪಿನಕಾಯಿ ಹಾಕುವ ಕೈ, ಕಲ್ಲುಪ್ಪು ಹಿಡಿಯಲ್ಲೇ ಅಳತೆ. ಬಾಟಲಿ ತುಂಬ ಕಿತ್ತಳೆ ಬಣ್ಣ.

ಮರಿಗಳು ಬೆಳೆದವು. ರೆಕ್ಕೆ ಮೂಡಿತು, ಬಣ್ಣ ಬರುವ ಕಾಲ ಬಂತು. ಹೊಟ್ಟೆ ಕೆಂಪಾಗುವುದನ್ನೇ ಕಾಯುತ್ತಾ ಕೂತೆ. ಒಂದೂ ಕೆಂಪಾಗಲಿಲ್ಲ. ಎಲ್ಲವಕ್ಕೂ ಬೆನ್ನಿನ ರೆಕ್ಕೆ ಚೂಪಾಗುತ್ತಾ ಹೋಯಿತು. ಮತ್ತೆ ಪುಸ್ತಕ. ಈ ಜಾತಿಯಲ್ಲಿ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಎಳೆತನದಲ್ಲಿ ಅದು ಬೆಳೆದ ನೀರಿನ ಮೇಲೂ ನಿಂತಿದೆ. ಹುಳಿ ನೀರಿನಲ್ಲಿ ಗಂಡುಗಳೇ ಹೆಚ್ಚು. 1985ರಲ್ಲೇ ರೂಬಿನ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ಬರೆದಿಟ್ಟಿದ್ದಾನೆ. ಮನೆಮಂದಿಯ ಆರ್‌ಒ ನೀರು ಕಿತ್ತುಕೊಂಡು, ಬೀದಿಯ ಎಲೆಯೆಲ್ಲ ಆಯ್ದು, ನಾನು ತಯಾರಿಸಿದ್ದು ಗಂಡುಹುಡುಗರ ಹಾಸ್ಟೆಲ್ಲು. ಇವನ್ನು ಕೊಳ್ಳುತ್ತೀಯಾ ಎಂದು ಅಂಗಡಿಯ ಹುಡುಗನನ್ನು ಕೇಳಿದೆ. “ಜೋಡಿ ಇದ್ರೆ ತಗೊಳ್ತೀನಿ ಸಾರ್. ಬರೀ ಗಂಡು ಯಾರಿಗೆ ಬೇಕು?” ಅಂದ. ಈ ಸಲ ನಕ್ಕ.

ಅಮ್ಮನಿಗೆ ವಿಷಯ ತಿಳಿಸಿದೆ. ಹೂಬತ್ತಿ ಕೆಳಗಿಟ್ಟು, ತೊಟ್ಟಿಯ ಕಡೆ ನೋಡಿ, “ಇಷ್ಟೊಂದು ಗಂಡುಮಕ್ಕಳಿಗೆ ಹೆಣ್ಣೆಲ್ಲಿಂದ ತರ್ತೀಯೋ? 2023ರಲ್ಲಿ ಮಂಡ್ಯದ ಹುಡುಗರು ಹೆಣ್ಣು ಸಿಗ್ಲಿ ಅಂತ ಹೋದ್ರಲ್ಲ, ಇವನ್ನೂ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಕಳ್ಸು” ಅಂದಳು. ಕಾಲಿಲ್ಲವಲ್ಲ ಅಂದೆ. ಹರಕೆಯನ್ನು ನಾನೇ ಹೊರಬೇಕಂತೆ.

ಅದಕ್ಕೆ ಮುಂಚೆ ಒಂದು ಪ್ರಯತ್ನ ಮಾಡಿ ನೋಡೋಣವೆಂದು ಓದುಗರಲ್ಲಿ ಈ ವಿನಂತಿ. ವಧು ಬೇಕಾಗಿದ್ದಾಳೆ. ವರರು ಅನೇಕರಿದ್ದಾರೆ. ನೈಜೀರಿಯಾ ಮೂಲ, ಮೈಸೂರಿನಲ್ಲಿ ಹುಟ್ಟಿ ಬೆಳೆದವರು, ಎತ್ತರ ಸದ್ಯಕ್ಕೆ ಎರಡಿಂಚು, ಶಾಂತ ಸ್ವಭಾವ, ಸ್ವಂತ ಕರಟವಿದೆ. ಹುಡುಗಿ ಪುಲ್ಕರ್ ಜಾತಿಯವಳೇ ಆಗಿರಬೇಕು. ನೆಂಟಸ್ತಿಕೆಯ ಟೀನಿಯೇಟಸ್ ಜಾತಿಯವರು ದಯವಿಟ್ಟು ಬೇಸರಪಡಬಾರದು, ಬೆರಕೆಯಾದರೆ ಎರಡು ಮನೆತನವೂ ಕೆಡುತ್ತದೆಂದು ಸಾಕುವವರೆಲ್ಲರ ಅಭಿಪ್ರಾಯ. ಹೊಟ್ಟೆ ಕೆಂಪಗಿದ್ದರೆ ಸಾಕು, ವರದಕ್ಷಿಣೆ ಬೇಡ, ಬರುವಾಗ ಮುಚ್ಚಳವಿರುವ ಡಬ್ಬ ತಂದರೆ ಒಳ್ಳೆಯದು. ಸಂಜೆ ಐದರ ಮೇಲೆ, ಏಳರೊಳಗೆ ಬನ್ನಿ. ಆ ಹೊತ್ತಿನಲ್ಲಿ ಅಮ್ಮನ ನಿದ್ದೆ ಮುಗಿದಿರುತ್ತದೆ, ಧಾರಾವಾಹಿ ಶುರುವಾಗಿರುವುದಿಲ್ಲ. ಮಾತುಕತೆ ಏನಿದ್ದರೂ ಅವಳ ಹತ್ತಿರವೇ ಆಡಿ.